28 ಅಡಿಯ ಮೋಟಾರು ದೋಣಿಗೆ ಬಣ್ಣ: ಮೂರು ಯಾರ್ಡು, ಮೂರು ದರ, ಇಷ್ಟೊಂದು ಅಂತರವೇಕೆ?

ಚೆಸಪೀಕ್‌ವಾಸಿ:

ಎಲ್ಲರಿಗೂ ನಮಸ್ಕಾರ. ಮೇರಿಲ್ಯಾಂಡಿನ ಅನಾಪೊಲಿಸ್ ಬಳಿಯ ಒಂದು ಮರೀನಾದಲ್ಲಿ ನಮ್ಮ 28 ಅಡಿ ಉದ್ದದ ಫೈಬರ್‌ಗ್ಲಾಸ್ ಮೋಟಾರು ದೋಣಿ ಇದೆ. 2003ರಲ್ಲಿ ತಯಾರಾದದ್ದು, ಹಿಂದಿನ ಮಾಲೀಕರಿಂದ ಕೊಂಡದ್ದು. ಕಡುನೀಲಿಯಾಗಿದ್ದ ಒಡಲು ಬಿಸಿಲಿಗೆ ಮಾಸಿದೆ. ಕೈಯಾಡಿಸಿದರೆ ಅಂಗೈಗೆ ತಿಳಿನೀಲಿ ಪುಡಿ ಹತ್ತುತ್ತದೆ. ಬಲಬದಿಯಲ್ಲಿ ಕಟ್ಟೆಗೆ ತಾಗಿ ಆದ ನಾಲ್ಕೈದು ಆಳವಾದ ಗೀರುಗಳಿವೆ. ದೋಣಿಯ ಹಿಂಬದಿಯ ಚಪ್ಪಟೆ ಗೋಡೆ, ಅಂದರೆ ಟ್ರಾನ್ಸಮ್ ಅಂತೂ ಬಿಸಿಲು ಮತ್ತು ಎಂಜಿನ್ ಹೊಗೆ ಎರಡರಿಂದಲೂ ಕೆಟ್ಟಿದೆ.

ವೃತ್ತಿಪರರಿಂದಲೇ ಬಣ್ಣ ಹೊಡೆಸೋಣವೆಂದು ದೋಣಿ ದುರಸ್ತಿಯ ಮೂರು ಯಾರ್ಡುಗಳಲ್ಲಿ ವಿಚಾರಿಸಿದೆ. ಮೊದಲನೆಯವರು 6,800 ಡಾಲರ್, ಎರಡನೆಯವರು 11,500 ಡಾಲರ್, ಮೂರನೆಯವರು 17,400 ಡಾಲರ್ ಎಂದರು. ಮೂವರೂ ಹೇಳಿದ್ದು ನೀರಿನ ಗೆರೆಯಿಂದ ಮೇಲಿನ ಒಡಲಿಗೆ ಮಾತ್ರ. ಡೆಕ್ ಇದರಲ್ಲಿ ಸೇರಿಲ್ಲ. ಎರಡನೆಯವರು ಮಾತ್ರ ಲೆಕ್ಕವನ್ನು ಬಿಡಿಸಿ ಕೊಟ್ಟಿದ್ದಾರೆ: ಗಂಟೆಗೆ 115 ಡಾಲರಿನಂತೆ 72 ಗಂಟೆಗಳ ಕೂಲಿ 8,280, ಬಣ್ಣ ಮತ್ತು ಪ್ರೈಮರ್ 1,900, ದೋಣಿಯನ್ನು ಮೇಲೆತ್ತಿ ಆಧಾರದ ಮೇಲೆ ನಿಲ್ಲಿಸಲು 720, ಟೇಪು, ಉಪ್ಪುಕಾಗದ, ತ್ಯಾಜ್ಯ ವಿಲೇವಾರಿ ಇತ್ಯಾದಿಗೆ 600. ಒಂದೇ ದೋಣಿಗೆ ಒಬ್ಬರು ಹೇಳಿದ್ದರ ಎರಡೂವರೆ ಪಟ್ಟನ್ನು ಇನ್ನೊಬ್ಬರು ಹೇಳುವುದು ಹೇಗೆ? ತಳಕ್ಕೆ ಹಚ್ಚುವ ಬಣ್ಣವನ್ನೂ ಈಗಲೇ ಮಾಡಿಸುವುದು ಒಳ್ಳೆಯದೇ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಬಣ್ಣಗಾರ:

ಕೆಲವು ವರ್ಷ ದೋಣಿಗಳ ಬಣ್ಣದ ಶೆಡ್ಡಿನಲ್ಲಿ ಕೆಲಸ ಮಾಡಿದವನು ನಾನು. ಈಗ ಕಾರುಗಳ ಬಣ್ಣಕ್ಕೆ ಬಂದಿದ್ದೇನೆ. ಮೂರೂ ದರಗಳು ನ್ಯಾಯವಾಗಿರಲು ಸಾಧ್ಯವಿದೆ, ಏಕೆಂದರೆ ಮೂವರೂ ಹೇಳುತ್ತಿರುವುದು ಒಂದೇ ಕೆಲಸದ ದರವನ್ನಲ್ಲ.

ಮೊದಲು ವಿಸ್ತೀರ್ಣವನ್ನು ನೋಡಿ. ಉದ್ದ ಮತ್ತು ಅಗಲವನ್ನು ಕೂಡಿಸಿ, ಎರಡರಿಂದ ಗುಣಿಸಿ, ನೀರಿನಿಂದ ಮೇಲಿರುವ ಒಡಲಿನ ಸರಾಸರಿ ಎತ್ತರದಿಂದ ಮತ್ತೆ ಗುಣಿಸಿದರೆ ಅಂದಾಜು ಸಿಗುತ್ತದೆ. ನಿಮ್ಮ ದೋಣಿಯ ಅಗಲ ಒಂಬತ್ತೂವರೆ ಅಡಿ, ಎತ್ತರ ಮೂರೂವರೆ ಅಡಿ ಎಂದಿಟ್ಟುಕೊಂಡರೆ ಸುಮಾರು 260 ಚದರ ಅಡಿಯಾಯಿತು. ಇಷ್ಟು ಜಾಗಕ್ಕೆ ಬೇಕಾಗುವ ಬಣ್ಣದ ಪ್ರಮಾಣ ಯಾರು ಹೊಡೆದರೂ ಹೆಚ್ಚುಕಡಿಮೆ ಒಂದೇ. ಎರಡನೆಯವರ ಲೆಕ್ಕದಲ್ಲಿ ನೂರಕ್ಕೆ 72 ಭಾಗ ಕೂಲಿಯೇ ಇದೆಯಲ್ಲ, ದರ ಏರುವುದೂ ಇಳಿಯುವುದೂ ಅಲ್ಲಿಯೇ.

ಆ ಗಂಟೆಗಳು ಸ್ಪ್ರೇ ಗನ್ ಹಿಡಿಯುವುದರಲ್ಲಿ ಕಳೆಯುವುದಿಲ್ಲ. ಮೊದಲು ಒಡಲನ್ನು ತೊಳೆದು, ವರ್ಷಗಟ್ಟಲೆ ಹಚ್ಚಿದ ವ್ಯಾಕ್ಸನ್ನು ದ್ರಾವಕದಿಂದ ಒರೆಸಿ ತೆಗೆಯಬೇಕು. ಒಂದು ಬಟ್ಟೆಯಿಂದ ಹಚ್ಚಿ, ಅದು ಆರುವ ಮುನ್ನ ಇನ್ನೊಂದು ಒಣ ಬಟ್ಟೆಯಿಂದ ಒರೆಸುವುದು ರೂಢಿ. ಇದನ್ನು ಮಾಡದೆ ನೇರವಾಗಿ ಉಜ್ಜಿದರೆ ವ್ಯಾಕ್ಸ್ ಗೀರುಗಳೊಳಗೆ ಸೇರಿಕೊಂಡು, ಅನಂತರ ಹೊಡೆದ ಬಣ್ಣ ಮೀನಿನ ಕಣ್ಣಿನಂತಹ ಕುಳಿಗಳಾಗಿ ಒಡೆಯುತ್ತದೆ. ಆಮೇಲೆ ರಬ್ ರೈಲು (ಒಡಲಿನ ಸುತ್ತ ಇರುವ ರಕ್ಷಣಾ ಪಟ್ಟಿ), ಹಗ್ಗ ಕಟ್ಟುವ ಕ್ಲೀಟುಗಳು, ಗಾಳಿಕಿಂಡಿಗಳು, ದೀಪಗಳನ್ನು ಬಿಚ್ಚಬೇಕು. ಗೀರುಗಳಿಗೆ ಎಪಾಕ್ಸಿ ಫಿಲ್ಲರ್ ತುಂಬಿ, ಉದ್ದನೆಯ ಹಲಗೆಗೆ ಉಪ್ಪುಕಾಗದ ಅಂಟಿಸಿ, ಉಬ್ಬುತಗ್ಗು ಹೋಗುವ ತನಕ ಕೈಯಿಂದಲೇ ಉಜ್ಜಬೇಕು. ಎಪಾಕ್ಸಿ ಪ್ರೈಮರ್ ಹೊಡೆದು ಮತ್ತೆ ನುಣ್ಣಗೆ ಉಜ್ಜಿದ ಮೇಲೆ, ಬಣ್ಣದ ಎರಡು ಮೂರು ಲೇಪನಗಳು ಬರುತ್ತವೆ. ಆ ಭಾಗ ಇಡೀ ಕೆಲಸದಲ್ಲೇ ಚಿಕ್ಕದು.

6,800 ಹೇಳಿದವರು ಬಹುಶಃ ಏನನ್ನೂ ಬಿಚ್ಚದೆ, ಸುತ್ತ ಟೇಪು ಹಚ್ಚಿ ಹೊಡೆಯುವವರಿರಬೇಕು. ತಪ್ಪೇನಿಲ್ಲ, ಆದರೆ ಬಣ್ಣ ಏಳಲು ಆರಂಭವಾಗುವುದು ಆ ಟೇಪಿನ ಅಂಚಿನಿಂದಲೇ. ಯಾವ ಯಾವ ಸಾಮಾನನ್ನು ಬಿಚ್ಚುತ್ತಾರೆ, ಪ್ರೈಮರಿನ ಎಷ್ಟು ಲೇಪನ, ಬಣ್ಣದ ಎಷ್ಟು ಲೇಪನ, ಮುಚ್ಚಿದ ಶೆಡ್ಡಿನೊಳಗೋ ಬಯಲಿನಲ್ಲೋ ಎಂಬುದನ್ನು ಮೂವರಿಂದಲೂ ಬರವಣಿಗೆಯಲ್ಲಿ ತರಿಸಿಕೊಳ್ಳಿ. ಆಗ ದರಗಳನ್ನು ಹೋಲಿಸಲು ಬರುತ್ತದೆ.

ಕಡುನೀಲಿಯನ್ನೇ ಮತ್ತೆ ಆರಿಸಿಕೊಂಡರೆ ಖರ್ಚು ಹೆಚ್ಚುತ್ತದೆ. ರಾತ್ರಿ ಶೆಡ್ಡಿನಲ್ಲಿ ಒಡಲಿನ ಪಕ್ಕ ಉದ್ದಕ್ಕೆ ಒಂದು ಟ್ಯೂಬ್‌ಲೈಟ್ ಇಟ್ಟು, ಒಡಲಿನಲ್ಲಿ ಮೂಡಿದ ಅದರ ಪ್ರತಿಬಿಂಬವನ್ನು ಓರೆಯಾಗಿ ನೋಡಿದರೆ ಕಾರಣ ತಿಳಿಯುತ್ತದೆ. ಬಿಳಿ ಒಡಲಿನಲ್ಲಿ ಆ ಗೆರೆ ಮಸುಕಾಗಿರುವುದರಿಂದ ಸಣ್ಣಪುಟ್ಟ ಉಬ್ಬುಗಳು ಕಾಣುವುದಿಲ್ಲ. ಕಡುನೀಲಿಯಲ್ಲಿ ಗೆರೆ ಪ್ರತಿ ಉಬ್ಬಿನಲ್ಲೂ ಸೊಟ್ಟಗಾಗಿ, ತೇಪೆ ಹಾಕಿದ ಜಾಗವೆಲ್ಲ ಎದ್ದು ತೋರುತ್ತದೆ. ಆದ್ದರಿಂದ ಕಡುಬಣ್ಣಕ್ಕೆ ಹಲಗೆಯ ಉಜ್ಜಾಟ ಹೆಚ್ಚು ಬೇಕು. 17,400 ಹೇಳಿದವರು ಇದನ್ನು ಲೆಕ್ಕಕ್ಕೆ ಹಿಡಿದಿದ್ದಾರೆಯೇ ಎಂದು ಕೇಳಿ ನೋಡಿ.

ನೀರಗೆರೆ:

ಬಣ್ಣಗಾರರ ಮಾತೆಲ್ಲ ಸರಿ. ಆದರೆ ಬಣ್ಣ ಬೇಕೇ ಬೇಕೇ ಎಂಬ ಪ್ರಶ್ನೆಯನ್ನು ಯಾರೂ ಕೇಳಲಿಲ್ಲ. ಕೈಗೆ ಪುಡಿ ಹತ್ತುತ್ತಿದೆ ಎಂದರೆ ಜೆಲ್‌ಕೋಟಿನ, ಅಂದರೆ ಫೈಬರ್‌ಗ್ಲಾಸಿನ ಹೊರಮೈಗಿರುವ ಬಣ್ಣದ ರಾಳದ ಲೇಪನದ, ಮೇಲ್ಪದರ ಬಿಸಿಲಿಗೆ ಸತ್ತಿದೆ ಎಂದಷ್ಟೇ ಅರ್ಥ. ಜೆಲ್‌ಕೋಟ್ ಸುಮಾರು ಅರ್ಧ ಮಿಲಿಮೀಟರ್ ದಪ್ಪವಿರುತ್ತದೆ. ಬಣ್ಣದ ಪದರಕ್ಕೆ ಹೋಲಿಸಿದರೆ ಅದು ಬಹಳ ದಪ್ಪ. ಅಡಿಯಲ್ಲಿ ಗಟ್ಟಿ ಪದರ ಉಳಿದಿದ್ದರೆ ಅದನ್ನು ಮತ್ತೆ ಹೊಳೆಯಿಸಬಹುದು.

ಎದ್ದು ಕಾಣದ ಕಡೆ ಒಂದು ಚದರ ಅಡಿ ಜಾಗವನ್ನು ಟೇಪಿನಿಂದ ಗುರುತಿಸಿ, 1000 ನಂಬರಿನ ಕಾಗದದಿಂದ ನೀರು ಹಾಕಿ ಹಗುರವಾಗಿ ಉಜ್ಜಿ, ಉಜ್ಜುವ ಕಾಂಪೌಂಡ್ (ಹೊಳಪು ತರುವ ಲೇಪ) ಮತ್ತು ಪಾಲಿಶ್ ಹಿಡಿಸಿ, ಕೊನೆಗೆ ವ್ಯಾಕ್ಸ್ ಹಚ್ಚಿ. ನೀಲಿ ಮರಳಿ ಬಂದರೆ ಇಡೀ ಒಡಲಿಗೆ ಇದನ್ನೇ ಮಾಡಿಸಬಹುದು. ಖರ್ಚು ಬಣ್ಣದ ಖರ್ಚಿನ ಸಣ್ಣ ಪಾಲು ಮಾತ್ರ. ಬಣ್ಣ ತೇಪೆತೇಪೆಯಾಗಿ ಬಂದರೆ, ಅಥವಾ ಫೈಬರಿನ ನೇಯ್ಗೆ ಇಣುಕಿದರೆ, ಹಿಂದಿನವರು ಜೆಲ್‌ಕೋಟನ್ನು ಉಜ್ಜಿ ಉಜ್ಜಿ ಮುಗಿಸಿದ್ದಾರೆಂದು ತಿಳಿಯಬೇಕು. ಆಗ ಬಣ್ಣದ ಹೊರತು ದಾರಿಯಿಲ್ಲ. ಹೊಳಪು ಮರಳಿದ ಮೇಲೂ ವರ್ಷಕ್ಕೆ ಎರಡು ಬಾರಿ ವ್ಯಾಕ್ಸ್ ತಪ್ಪಿಸುವಂತಿಲ್ಲ, ಕಡುನೀಲಿ ಬೇಗನೆ ಮಾಸುವ ಬಣ್ಣ.

ತಳದ ಬಣ್ಣದ ಬಗ್ಗೆ ಕೇಳಿದ್ದೀರಿ. ಅದು ಬೇರೆಯೇ ಜಾತಿ. ಪಾಚಿ ಮತ್ತು ಬಾರ್ನಕಲ್ ಎಂಬ ಚಿಪ್ಪುಜೀವಿಗಳು ಹತ್ತದಂತೆ ಸಾಮಾನ್ಯವಾಗಿ ತಾಮ್ರ ಬೆರೆಸಿದ ಆ ಬಣ್ಣ ನೀರಿನ ಗೆರೆಯಿಂದ ಕೆಳಕ್ಕೆ ಮಾತ್ರ. ಮೇಲಿನ ಪಾಲಿಯುರೆಥೇನ್ ಬಣ್ಣವನ್ನು ಸದಾ ನೀರಿನಲ್ಲಿ ಮುಳುಗಿರುವ ಜಾಗಕ್ಕೆ ಹೊಡೆದರೆ ಗುಳ್ಳೆ ಏಳುತ್ತದೆ. ಆದರೂ ಎರಡನ್ನೂ ಒಟ್ಟಿಗೆ ಮಾಡಿಸುವುದರಲ್ಲಿ ಉಳಿತಾಯವಿದೆ: ಚೆಸಪೀಕ್ ಕೊಲ್ಲಿಯಲ್ಲಿ ಚಳಿಗಾಲಕ್ಕೆ ಹೇಗೂ ದೋಣಿಯನ್ನು ಮೇಲೆತ್ತುತ್ತೀರಿ, ಎತ್ತುವ ಆ ಹಣವನ್ನು ಎರಡು ಬಾರಿ ಕೊಡಬೇಕಾಗುವುದಿಲ್ಲ.

ಮಲ್ಪೆ ಕಡೆಯವ:

ಸ್ವಾಮಿ, 17,400 ಡಾಲರ್ ಎಂದು ಓದಿ ಗಾಬರಿಯಾಯಿತು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ, ದುರಸ್ತಿ ಮತ್ತು ಬಣ್ಣದ ಕೆಲಸಗಳನ್ನೆಲ್ಲ ಆ ಬಿಡುವಿನಲ್ಲಿಯೇ ಮುಗಿಸುತ್ತೇವೆ. ಮಳೆ ಬಿಟ್ಟ ದಿನ ನೋಡಿ ಬ್ರಷ್‌ನಿಂದ ಎನಾಮಲ್ ಬಳಿದರೆ ಆಯಿತು. ಕನ್ನಡಿಯ ಹೊಳಪು ಬೇಕೆಂದು ಮೀನು ಕೇಳುವುದಿಲ್ಲ. ಹೊಳಪಿನ ಆಸೆ ಬಿಟ್ಟರೆ ನಿಮಗೂ ಅಷ್ಟೇ ಸಾಕಲ್ಲವೇ?

ಬಣ್ಣಗಾರ:

ಸಾಕು ಎನ್ನುವವರು ಇಲ್ಲಿಯೂ ಇದ್ದಾರೆ. ಒಂದೇ ಡಬ್ಬಿಯಲ್ಲಿ ಬರುವ ಮರೀನ್ ಎನಾಮಲನ್ನು ರೋಲರಿನಿಂದ ಹಚ್ಚಿ, ಒದ್ದೆಯಾಗಿರುವಾಗಲೇ ಬ್ರಷ್‌ನ ತುದಿಯಿಂದ ಹಗುರವಾಗಿ ಎಳೆದರೆ ಗೆರೆಗಳು ತಾವಾಗಿಯೇ ಕೂಡಿಕೊಳ್ಳುತ್ತವೆ. ಸ್ವತಃ ಮಾಡಬಹುದಾದ ಕೆಲಸ. ಆದರೆ ಮುಂದೆ ಎಂದಾದರೂ ಎರಡು ಭಾಗ ಬೆರೆಸುವ ಪಾಲಿಯುರೆಥೇನ್ ಹೊಡೆಸುವ ಆಲೋಚನೆಯಿದ್ದರೆ, ಅದರ ದ್ರಾವಕ ಅಡಿಯ ಎನಾಮಲನ್ನು ಎಬ್ಬಿಸಿಬಿಡುತ್ತದೆ. ಹಳೆಯದನ್ನು ಪೂರ್ತಿ ಕೆರೆದು ತೆಗೆಯುವ ಕೂಲಿ ಮತ್ತೆ ನಿಮ್ಮ ತಲೆಗೇ ಬರುತ್ತದೆ.

ಹಣ ಉಳಿಸಲು ಎರಡು ಭಾಗದ ಬಣ್ಣವನ್ನು ಮನೆಯಂಗಳದಲ್ಲಿ ಸ್ಪ್ರೇ ಮಾಡುವ ಸಾಹಸಕ್ಕೆ ಮಾತ್ರ ಯಾರೂ ಕೈಹಾಕಬೇಡಿ. ಅದರ ಗಟ್ಟಿಕಾರಕದಲ್ಲಿ ಐಸೊಸಯನೇಟ್ ಇರುತ್ತದೆ. ಅದರ ಮಂಜನ್ನು ಉಸಿರಾಡಿದವರಿಗೆ ಅಸ್ತಮಾ ಅಂಟಿಕೊಳ್ಳಬಹುದು. ಆಮೇಲೆ ಅದರ ಅತಿ ಸಣ್ಣ ಪ್ರಮಾಣವೂ ದೇಹಕ್ಕೆ ಒಗ್ಗುವುದಿಲ್ಲ. ಯಾರ್ಡಿನವರು ಹೊರಗಿನಿಂದ ಗಾಳಿ ಪೂರೈಸುವ ಮುಖಕವಚ ಹಾಕಿಕೊಳ್ಳುವುದು ಈ ಕಾರಣಕ್ಕೆ, ಮತ್ತು ಅದರ ಖರ್ಚೂ ನಿಮ್ಮ ಬಿಲ್ಲಿನಲ್ಲಿ ಸೇರಿರುತ್ತದೆ.

ಚೆಸಪೀಕ್‌ವಾಸಿ:

ಎಲ್ಲರಿಗೂ ಧನ್ಯವಾದಗಳು. ನೀರಗೆರೆಯವರು ಹೇಳಿದ ಪರೀಕ್ಷೆಯನ್ನು ಈ ವಾರಾಂತ್ಯದಲ್ಲಿ ಮಾಡಿ ನೋಡಿದೆ. ಎರಡೂ ಪಕ್ಕಗಳಲ್ಲಿ ನೀಲಿ ಚೆನ್ನಾಗಿಯೇ ಮರಳಿ ಬಂತು. ಟ್ರಾನ್ಸಮ್ಮಿನಲ್ಲಿ ಮಾತ್ರ ಸ್ವಲ್ಪ ಉಜ್ಜುತ್ತಿದ್ದಂತೆ ನೇಯ್ಗೆಯ ಎಳೆಗಳು ಕಾಣತೊಡಗಿದವು. ಮೂವರಿಗೂ ಬರೆದು ಕೆಲಸದ ವಿವರ ಕೇಳಿದ್ದೆ: ಮೊದಲನೆಯವರು ಏನನ್ನೂ ಬಿಚ್ಚುವುದಿಲ್ಲವೆಂದು ಒಪ್ಪಿಕೊಂಡರು, ಮೂರನೆಯವರ ದರದಲ್ಲಿ ರಬ್ ರೈಲನ್ನು ಬದಲಾಯಿಸುವುದೂ ಸೇರಿತ್ತಂತೆ, ಅದನ್ನು ನಾನು ಕೇಳಿರಲೇ ಇಲ್ಲ. ಪಕ್ಕಗಳಿಗೆ ಪಾಲಿಶ್ ಮಾಡಿಸಿ, ಟ್ರಾನ್ಸಮ್ಮಿಗೆ ಮಾತ್ರ ಬಣ್ಣ ಹೊಡೆಸಿದರೆ ಹೇಗೆ? ಬಣ್ಣಗಳು ಹೊಂದುತ್ತವೆಯೇ?

ಬಣ್ಣಗಾರ:

ಧಾರಾಳವಾಗಿ ಮಾಡಿಸಬಹುದು. ಇಪ್ಪತ್ತು ವರ್ಷ ದಾಟಿದ ನೀಲಿಗೆ ಹೊಸ ನೀಲಿಯನ್ನು ತಂದು ಹೊಂದಿಸುವುದು ಕಷ್ಟ, ಆದರೆ ಟ್ರಾನ್ಸಮ್ಮಿನ ಮೂಲೆಯಲ್ಲಿ ಒಡಲು ತಿರುಗುವುದರಿಂದ ಎರಡು ಮುಖಗಳ ಮೇಲೆ ಬೆಳಕು ಬೇರೆ ಬೇರೆಯಾಗಿ ಬೀಳುತ್ತದೆ. ಬಣ್ಣವನ್ನು ಆ ಅಂಚಿನಲ್ಲಿಯೇ ನಿಲ್ಲಿಸಿದರೆ ಸಣ್ಣ ವ್ಯತ್ಯಾಸ ಕಣ್ಣಿಗೆ ಹತ್ತುವುದಿಲ್ಲ. ಪಾಲಿಶ್ ಮೊದಲು ಆಗಲಿ. ಬಣ್ಣದ ಮಾದರಿಯನ್ನು ಪಾಲಿಶ್ ಆದ ಪಕ್ಕದಿಂದ ತೆಗೆದುಕೊಳ್ಳಲಿ, ಮಾಸಿದ ಒಡಲಿನಿಂದ ತೆಗೆದರೆ ಬಣ್ಣ ತಿಳಿಯಾಗಿ ಬರುತ್ತದೆ. ಪಾಲಿಶಿನ ವ್ಯಾಕ್ಸ್ ಮಾತ್ರ ಟ್ರಾನ್ಸಮ್ಮಿನ ಹತ್ತಿರಕ್ಕೂ ಬರಬಾರದು, ಅದನ್ನು ಬಣ್ಣ ಮುಗಿದ ಮೇಲೆ ಹಚ್ಚಿಸಿ.

ಯಾವ ಬಣ್ಣ ಎಂದು ಕೇಳಿದರೆ ಆಲ್‌ಕ್ರಾಫ್ಟ್ 2000 ತರಹದ ಅಕ್ರಿಲಿಕ್ ಯುರೆಥೇನ್ ಹೇಳಿ. ಆಲ್‌ಗ್ರಿಪ್ ಎಂಬ ಇನ್ನೊಂದು ಬಣ್ಣ ಅದಕ್ಕಿಂತ ಗಟ್ಟಿಯಾದರೂ, ಗೀರು ಬಿದ್ದರೆ ಆ ಜಾಗವನ್ನಷ್ಟೇ ಸರಿಪಡಿಸಿ ಪಾಲಿಶ್ ಮಾಡಲು ಬರುವುದಿಲ್ಲ. ಟ್ರಾನ್ಸಮ್ ಕಟ್ಟೆಗೆ ತಾಗುವ ಜಾಗವಾದ್ದರಿಂದ ದುರಸ್ತಿಗೆ ಒಗ್ಗುವ ಬಣ್ಣವೇ ಮೇಲು.

ನೀರಗೆರೆ:

ಟ್ರಾನ್ಸಮ್ಮಿನ ಬಲಮೂಲೆಯ ಮೇಲ್ಭಾಗದಲ್ಲಿ 12 ಅಕ್ಷರ ಮತ್ತು ಅಂಕಿಗಳ ಒಡಲಿನ ಗುರುತಿನ ಸಂಖ್ಯೆ ಕೊರೆದಿರುತ್ತದೆ. ಫಿಲ್ಲರ್ ತುಂಬಿ ಉಜ್ಜುವ ಭರದಲ್ಲಿ ಅದು ಮುಚ್ಚಿಹೋಗಬಾರದು. ಅನುಮತಿಯಿಲ್ಲದೆ ಅದನ್ನು ಅಳಿಸುವುದು ಅಥವಾ ಬದಲಿಸುವುದು ಅಮೆರಿಕದ ಫೆಡರಲ್ ನಿಯಮಕ್ಕೆ ವಿರುದ್ಧ, ಮುಂದೆ ದೋಣಿ ಮಾರುವಾಗಲೂ ತೊಡಕು. ಕೆಲಸಕ್ಕೆ ಒಪ್ಪಿಸುವ ಮೊದಲು ಅದರ ಸ್ಪಷ್ಟವಾದ ಫೋಟೋ ತೆಗೆದಿಟ್ಟುಕೊಳ್ಳಿ, ಆ ಜಾಗಕ್ಕೆ ಫಿಲ್ಲರ್ ತಾಗಿಸಬಾರದು ಎಂಬುದನ್ನು ಯಾರ್ಡಿನ ಕೆಲಸದ ಚೀಟಿಯಲ್ಲಿಯೇ ಬರೆಯಿಸಿ.