ಅಪ್‌ಡೇಟ್: ಲೂಯಿ 16ರ ಶೈಲಿಯ ಕುರ್ಚಿಯ ವಯಸ್ಸು ಗೊತ್ತಾಯಿತು

ಲಿಯೋನ್‌ನ ಹಳೇ ಸಾಮಾನಿನ ಸಂತೆಯಲ್ಲಿ ಕೊಂಡ ಕುರ್ಚಿ ನಿಜವಾಗಿ ಫ್ರಾನ್ಸ್‌ನ ರಾಜ ಲೂಯಿ 16ರ ಕಾಲದ್ದಾ, ಅಂದರೆ 18ನೇ ಶತಮಾನದ್ದಾ ಅಂತ ಇಲ್ಲಿ ಕೇಳಿದ್ದೆ. ಉತ್ತರ ಸಿಕ್ಕಿತು.

ಅಡಿಯಲ್ಲಿ ಮಾಡಿದವರ ಹೆಸರಿನ ಮುದ್ರೆ ಹುಡುಕಿ ಅಂತ ಜಾಸ್ತಿ ಜನ ಹೇಳಿದ್ದಿರಿ. ಟಾರ್ಚನ್ನು ಓರೆಯಾಗಿ ಹಿಡಿದಾಗ ಹಿಂಬದಿ ಪಟ್ಟಿಯ ಒಳಗೆ ಜಾರ್ಜ್ ಜಾಕೊಬ್ ಹೆಸರು ಕಂಡಿತು! 1765ರಲ್ಲಿ ಬಡಗಿಗಳ ಸಂಘದಲ್ಲಿ ಮಾಸ್ಟರ್ ಎನಿಸಿಕೊಂಡು, ಲೂಯಿ 16ರ ರಾಣಿ ಮರೀ ಆಂಟೊನೆಟ್‌ಗೂ ಪೀಠೋಪಕರಣ ಮಾಡಿಕೊಟ್ಟ ಬಡಗಿ ಅವರು. ತುಂಬಾ ಖುಷಿಯಾಯಿತು. ಆದರೆ ಮುದ್ರೆಯೊಂದರಿಂದ ಏನೂ ಸಾಬೀತಾಗುವುದಿಲ್ಲ. ಇಂಥ ದೊಡ್ಡ ಹೆಸರುಗಳನ್ನು ಆಮೇಲೆ ಒತ್ತಿದವರೂ ಇದ್ದಾರೆ.

ಮರದ ಬಣ್ಣ ನೋಡಿ ಎಂಬ ಸಲಹೆಯೂ ನಡೆಯಲಿಲ್ಲ. ಯಾರೋ ಪೂರ್ತಿ ಬಣ್ಣ ಹಚ್ಚಿಬಿಟ್ಟಿದ್ದಾರೆ.

ಕೆಲಸಕ್ಕೆ ಬಂದದ್ದು ಗರಗಸದ ಗುರುತು ನೋಡಿ ಎಂದವರ ಮಾತು. ಕೈಗರಗಸ ನೇರ ಗೆರೆ ಬಿಡುತ್ತದೆ. ನನ್ನ ಕುರ್ಚಿಯ ಒಳಪಟ್ಟಿಯಲ್ಲಿದ್ದದ್ದು ಬಾಗಿದ ಗೆರೆಗಳು, ಎಲ್ಲವೂ ಒಂದೇ ಅಂತರದಲ್ಲಿ. ಅಂದರೆ ಯಂತ್ರದಲ್ಲಿ ತಿರುಗುವ ದುಂಡು ಗರಗಸ, ಲೂಯಿ 16ರ ಕಾಲದ ಕುರ್ಚಿ ಬಡಗಿಗಳು ಬಳಸದಿದ್ದದ್ದು. ಕುರ್ಚಿ ರಿಪೇರಿ ಮಾಡುವ ಹಿರಿಯರೊಬ್ಬರೂ ನೋಡಿ, ಇದು 19ನೇ ಶತಮಾನದ ಕೊನೆಯ ನಕಲು ಅಂದರು. ಕೆಲಸ ಮಾತ್ರ ಬಹಳ ಚೆನ್ನಾಗಿದೆ. ಕಾಲಿನ ಉದ್ದಕ್ಕೂ ಕೊರೆದ ಗೀರು, ಕಾಲು ಸೇರುವ ಕಡೆ ಚೌಕದೊಳಗಿನ ಹೂವು, ಎರಡೂ ಅಚ್ಚುಕಟ್ಟು.

ಅವರಿಂದ ತಿಳಿದ ಇನ್ನೊಂದು ವಿಷಯ ನನಗೆ ಆಶ್ಚರ್ಯ ತಂದಿತು. 18ನೇ ಶತಮಾನದ ಪ್ಯಾರಿಸ್‌ನಲ್ಲಿ ಚೌಕಟ್ಟು ಬಡಗಿಯದು. ಕೆತ್ತನೆ, ಚಿನ್ನದ ಲೇಪ, ಮೆತ್ತೆ ಎಲ್ಲ ಬೇರೆ ಬೇರೆ ಕಸುಬಿನವರದು. ಮುದ್ರೆಯಲ್ಲಿ ಉಳಿದದ್ದು ಬಡಗಿಯ ಹೆಸರು ಮಾತ್ರ!

ನೀವೂ ನೋಡುವುದಾದರೆ ಅಡಿಯ ಬಟ್ಟೆಯನ್ನು ಒಂದು ಮೂಲೆಯಲ್ಲಷ್ಟೇ ಬಿಚ್ಚಿ. ಮರಳು ಕಾಗದ ಹಾಕಬೇಡಿ, ಗೆರೆಗಳೇ ಅಳಿಸಿಹೋಗುತ್ತವೆ.