ಎಳೆ ಗಾಡಿಕುದುರೆಯ ಬೆನ್ನು ತುಂಬುವ ಬಗೆ: ಪಶುವೈದ್ಯರೊಂದಿಗೆ ಪ್ರಶ್ನೋತ್ತರ

ಯಲಹಂಕದ ಸದಸ್ಯರು: 3 ವರ್ಷದ ಕಾಠಿಯಾವಾಡಿ ಕುದುರೆಯನ್ನು ಜಟಕಾಗಾಡಿಗೆ ಪಳಗಿಸುತ್ತಿದ್ದೇನೆ. ಬೆನ್ನೆಲುಬು ಎದ್ದು ಕಾಣುತ್ತದೆ, ಕತ್ತಿನ ಅಡಿಭಾಗ ಮಾತ್ರ ದಪ್ಪವಾಗುತ್ತಿದೆ. ಕತ್ತನ್ನು ಎತ್ತಿ ಬಿಗಿದರೆ ಬೆನ್ನು ತುಂಬುವುದೇ?

ವೈದ್ಯರು: ತುಂಬುವುದಿಲ್ಲ. ಕತ್ತನ್ನು ಮೇಲಕ್ಕೆ ಬಿಗಿದಾಗ ಕುದುರೆ ಬೆನ್ನನ್ನು ಕುಗ್ಗಿಸಿ, ಹಿಂಗಾಲುಗಳನ್ನು ಹಿಂದೆಯೇ ಬಿಟ್ಟು ಎಳೆಯುತ್ತದೆ. ಅಡಿಗತ್ತು ದಪ್ಪವಾಗಿರುವುದು ಅದರಿಂದಲೇ. ಕೆಲವು ತಿಂಗಳು ಗಾಡಿಯನ್ನು ಬದಿಗಿಟ್ಟು, ಉದ್ದ ಲಗಾಮು ಹಿಡಿದು ಹಿಂದೆ ನಡೆಯುತ್ತಾ, ಅದು ಕತ್ತನ್ನು ಮುಂದಕ್ಕೂ ಕೆಳಕ್ಕೂ ಚಾಚಲು ಬಿಡಿ. ನೆಲದಲ್ಲಿ ಮರದ ಕಂಬಗಳನ್ನಿಟ್ಟು ದಾಟಿಸಿ, ಸಣ್ಣ ಏರಿನಲ್ಲಿ ನಡೆಸಿ; ಹಿಂಗಾಲು ಹೊಟ್ಟೆಯಡಿಗೆ ಬಂದಾಗಲೇ ಬೆನ್ನು ಮೇಲೇಳುತ್ತದೆ. ಬೆನ್ನೆಲುಬಿನ ಬೆಳವಣಿಗೆ 5 ವರ್ಷ ದಾಟಿದ ಮೇಲೆಯೇ ಮುಗಿಯುವುದರಿಂದ ಅವಸರ ಬೇಡ.

ಕೆಂಗೇರಿಯ ಸದಸ್ಯರು: ಹಸಿ ಮೊಟ್ಟೆ, ಸಾಸಿವೆ ಎಣ್ಣೆ, ಬೆಲ್ಲವನ್ನು 21 ದಿನ ಕೊಟ್ಟರೆ ಬೆನ್ನು ಹಲಗೆಯಂತಾಗುತ್ತದೆ ಎಂಬ ಸಂದೇಶ ನನಗೆ ಬಂದಿದೆ.

ವೈದ್ಯರು: ನನಗೂ ಬಂದಿದೆ, ಈ ತಿಂಗಳು ನಾಲ್ಕನೆಯ ಸಲ. ಕೊಬ್ಬು ಸ್ನಾಯುವಲ್ಲ.

ಆನೇಕಲ್ಲಿನ ಸದಸ್ಯರು: ನಾನು ಕೋಳಿ ಆಹಾರ ಬೆರೆಸುತ್ತೇನೆ, ಬೇಗ ಮೈ ತುಂಬುತ್ತದೆ.

ವೈದ್ಯರು: ಈಗಲೇ ನಿಲ್ಲಿಸಿ. ಕೋಳಿ ಆಹಾರದಲ್ಲಿ ಮೊನೆನ್ಸಿನ್ ಇರಬಹುದು. ಕೋಳಿಗೆ ಔಷಧಿಯಾದ ಅದು ಕುದುರೆಯ ಹೃದಯದ ಸ್ನಾಯುವನ್ನೇ ಕೊಲ್ಲುತ್ತದೆ, ಅದಕ್ಕೆ ಪ್ರತಿವಿಷವಿಲ್ಲ.

ದೊಡ್ಡಬಳ್ಳಾಪುರದ ಸದಸ್ಯರು: ಹುರುಳಿಯನ್ನು ನೆನೆಸಿ ಕೊಡಬೇಕೇ, ಬೇಯಿಸಿಯೇ?

ಹೆಸರಘಟ್ಟದ ಸದಸ್ಯರು: ಎರಡು ವಾರಗಳಿಂದ ನನ್ನ ಕುದುರೆಯ ಬಲ ತೊಡೆಯ ಮೇಲ್ಭಾಗ ಮಾತ್ರ ಇಳಿದಿದೆ, ಆ ಕಾಲಿನ ಗೊರಸಿನ ತುದಿ ನೆಲಕ್ಕೆ ಉಜ್ಜುತ್ತದೆ. ಹಸುಗಳಿರುವ ಕೊಟ್ಟಿಗೆಯಲ್ಲೇ ಕಟ್ಟುತ್ತೇನೆ. ಏರು ಹತ್ತಿಸಿದರೆ ಸರಿಹೋಗುವುದೇ?

ವೈದ್ಯರು: ದಯವಿಟ್ಟು ಹತ್ತಿಸಬೇಡಿ. ತರಬೇತಿಯ ದೋಷದಿಂದ ಬೆನ್ನು ಸೊರಗಿದರೆ ಸಾಮಾನ್ಯವಾಗಿ ಎರಡೂ ಬದಿ ಸೊರಗುತ್ತವೆ; ಒಂದೇ ಬದಿ ಬೇಗನೆ ಇಳಿದು ಗೊರಸೂ ಉಜ್ಜುತ್ತಿದ್ದರೆ ನರದ ಕಾಯಿಲೆಯನ್ನು ಮೊದಲು ಅನುಮಾನಿಸಬೇಕು. ಹಸುವಿನ ಹೊಟ್ಟೆಯಲ್ಲಿ ನಿರುಪದ್ರವಿಯಾಗಿರುವ ಸೆಟೇರಿಯಾ ಹುಳುವಿನ ಮರಿಗಳು ಸೊಳ್ಳೆಯ ಮೂಲಕ ಕುದುರೆಗೆ ಬಂದು, ದಾರಿ ತಪ್ಪಿ ಬೆನ್ನುಹುರಿಯೊಳಗೆ ಅಲೆದಾಡಿದರೆ, ಕುಮ್ರಿ ಎಂಬ ಹಿಂಗಾಲಿನ ದೌರ್ಬಲ್ಯ ಬರುತ್ತದೆ. ನೊಣ ಹರಡುವ ಸರ್ರಾ ರೋಗದಲ್ಲಿಯೂ ಮೈ ಇಳಿದು ಹಿಂಭಾಗ ತೂರಾಡುತ್ತದೆ. ಅದರಲ್ಲಿ ಜ್ವರ ಬಂದು ಹೋಗುತ್ತಿರುತ್ತದೆ, ಕಾಲು ಮತ್ತು ಹೊಟ್ಟೆಯಡಿ ಬಾವು ಕಾಣಬಹುದು. ಜ್ವರವಿದ್ದಾಗಲೇ ರಕ್ತ ತೆಗೆಸಿದರೆ ಪರಾವಲಂಬಿ ಕಾಣುವ ಸಾಧ್ಯತೆ ಹೆಚ್ಚು. ಕುದುರೆಯನ್ನು ಒಬ್ಬರು ನಡೆಸುವಾಗ ನೀವು ಬಾಲವನ್ನು ಪಕ್ಕಕ್ಕೆ ಎಳೆದು ನೋಡಿ. ಗಟ್ಟಿಯಿರುವ ಕುದುರೆ ತಡೆಯುತ್ತದೆ.

ಕೆಂಗೇರಿಯ ಸದಸ್ಯರು: ನಮ್ಮ ತಾತ ಚಾಮರಾಜಪೇಟೆಯಲ್ಲಿ ಜಟಕಾ ಹೊಡೆದವರು, ಕತ್ತು ಬಿಗಿದೇ ಓಡಿಸುತ್ತಿದ್ದರು. ಕುಮ್ರಿಯನ್ನು ಯಾರೂ ಕಂಡಿರಲಿಲ್ಲ.

ಯಲಹಂಕದ ಸದಸ್ಯರು: ತಾತನ ಕುದುರೆಯ ಬೆನ್ನು ಹೇಗಿತ್ತೆಂದು ಕುದುರೆಯನ್ನು ಕೇಳಿದ್ದಿರೇ?

ಕೆಂಗೇರಿಯ ಸದಸ್ಯರು: ಹಿರಿಯರ ವಿಷಯದಲ್ಲಿ ನಾಲಿಗೆ ಹಿಡಿತದಲ್ಲಿರಲಿ. ನಿಮ್ಮದು ಇನ್ನೂ ಗಾಡಿಗೇ ಹೂಡದ ಕುದುರೆ.

ಯಲಹಂಕದ ಸದಸ್ಯರು: ಅದಕ್ಕೇ ಅದಕ್ಕೆ ಇನ್ನೂ ಬೆನ್ನಿದೆ.

ಮಾಗಡಿ ರಸ್ತೆಯ ಸದಸ್ಯರು: ವೈದ್ಯರೇ, ಕತ್ತನ್ನು ಎಷ್ಟು ಬಿಗಿಯಾಗಿ ಕಟ್ಟಬೇಕು?

ವೈದ್ಯರು: ಮೊದಲ ಉತ್ತರ ಓದಿ.

ಹೆಸರಘಟ್ಟದ ಸದಸ್ಯರು: ಬಾಲ ಎಳೆದೆ. ಎಡಕ್ಕೆ ತಡೆಯಿತು, ಬಲಕ್ಕೆ ಇಡೀ ಮೈಯೇ ವಾಲಿತು.

ವೈದ್ಯರು: ಇಂದೇ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕರೆದೊಯ್ಯಿರಿ. ನಡೆಸಿಕೊಂಡು ಅಲ್ಲ, ವಾಹನದಲ್ಲಿ.

ಕೆಂಗೇರಿಯ ಸದಸ್ಯರು: ಅಲ್ಲಿಯವರೆಗೆ ಸೊಂಟಕ್ಕೆ ಬಿಸಿ ಎಳ್ಳೆಣ್ಣೆ ಹಚ್ಚಬಹುದಲ್ಲವೇ?

ವೈದ್ಯರು: ಹಚ್ಚುವ ಹೊತ್ತಿನಲ್ಲಿ ವಾಹನ ಹುಡುಕಲಿ.

ದೊಡ್ಡಬಳ್ಳಾಪುರದ ಸದಸ್ಯರು: ಹುರುಳಿಯ ವಿಷಯ ಕೇಳಿದ್ದೆ.