ಸಹಾಯ ಬೇಕು: ‘ನೋಡು’, ನಾಲ್ಕಕ್ಷರ

ಭಾನುವಾರದ ಪುರವಣಿಯ ಪದಬಂಧದಲ್ಲಿ ಒಂದೇ ಸಾಲು ಸತಾಯಿಸುತ್ತಿದೆ. ಎಡದಿಂದ ಬಲಕ್ಕೆ ‘ನೋಡು’, ನಾಲ್ಕು ಮನೆ. ಮೂರನೆಯ ಮನೆಗೆ ‘ಕಿರೀಟ’ದ ಕಿ ಬಂದಿದೆ. ವೀಕ್ಷಿಸು, ದಿಟ್ಟಿಸು ಎರಡೂ ಮೂರೇ ಮನೆಗೆ ಮುಗಿಯುತ್ತವೆ, ಒತ್ತಕ್ಷರಕ್ಕೆ ಬೇರೆ ಮನೆ ಇಲ್ಲವಲ್ಲ, ಅವಲೋಕಿಸು ಐದಾಗುತ್ತದೆ. ನಿರುಕಿಸು ಹೇಳಿ ಮಾಡಿಸಿದಂತೆ ಕೂರುತ್ತದೆ. ಆದರೆ ಮೊದಲ ಮನೆಯಿಂದ ಕೆಳಕ್ಕೆ ‘ಗಾಳಿ’, ಮೂರಕ್ಷರ. ‘ನಿ’ಯಿಂದ ಶುರುವಾಗುವ ಗಾಳಿ ಯಾವುದು? ಅನಿಲ, ಪವನ, ಮಾರುತ, ಸಮೀರ ಬಿಟ್ಟರೆ ಬೇರೆ ತೋಚುತ್ತಿಲ್ಲ. ಪವನ ಎಂದಾದರೆ ಅಡ್ಡಸಾಲು ‘ಪರಿಕಿಸು’ ಆಗಬಹುದು.

ಹಳಗನ್ನಡ ಓದಿದವರು ದಯವಿಟ್ಟು ತಿಳಿಸಿ: ಪರಿಕಿಸು ಎಂಬುದಕ್ಕೆ ಬರೀ ‘ನೋಡು’ ಎಂಬ ಅರ್ಥವೂ ಇದೆಯೇ, ಇಲ್ಲ ‘ಪರೀಕ್ಷಿಸು’ ಮಾತ್ರವೇ? ಪೆನ್ನಿನಲ್ಲಿ ತುಂಬುವ ಚಾಳಿ ನನ್ನದು, ಅದಕ್ಕೇ ಕೈ ತಡೆದಿದ್ದೇನೆ.